ಸೀಲು ಹಾಕಿದ ಕೀಲಿ

“ಮಾವ, ಗೇಟು ತೆಗೀರಿ!”

ಮಾರಣ್ಣ ತೆಗೆಯಲಿಲ್ಲ. ದಾವಣಗೆರೆ ಬಿಟ್ಟ ಬೆಳಗಿನ ಪ್ಯಾಸೆಂಜರ್ ಹರಿಹರ ಮುಟ್ಟುವುದರಲ್ಲಿತ್ತು. ಅದಕ್ಕೆ ಹಸಿರು ದೀಪ ಕೊಟ್ಟಾಗಿತ್ತು. ಹಸಿರು ಕೊಟ್ಟ ಮೇಲೆ ಗೇಟು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಗೇಟ್‌ಮ್ಯಾನ್ ಆದ ಅವನ ಮಾತನ್ನೂ ಕೇಳುವುದಿಲ್ಲ.

ಗೇಟಿನ ಮುಂದೆ ಆಟೊ. ಒಳಗೆ ಅವನ ಮಗಳು ಸ್ವಾತಿ. ಚೊಚ್ಚಲ ಹೆರಿಗೆ. ರಕ್ತ ಸೀರೆಯಂಚಿನಿಂದ ತೊಟ್ಟಿಕ್ಕುತ್ತಿತ್ತು. ಹಳಿ ದಾಟಿದರೆ ಆಸ್ಪತ್ರೆ ಐದೇ ನಿಮಿಷ.

“ಕೂಡ್ಲೇ ಆಪರೇಷನ್ ಆಗ್ಬೇಕಂತೆ,” ಎಂದ ಅಳಿಯ ವಿಜಯಕುಮಾರ್. “ಕರ್ಕೊಂಡು ಬರ್ರಿ, ಒಂಬತ್ತಕ್ಕೆಲ್ಲ ಡಾಕ್ಟರಮ್ಮ ಇರ್ತಾರೆ ಅಂತ ನರ್ಸ್ ಫೋನಿನಾಗೆ ಹೇಳ್ಯಾಳೆ.”

ಎಂಟೂ ನಲವತ್ತು.

“ಹತ್ತು ನಿಮಿಷ ತಡ್ಕೊಳ್ಳಪ್ಪ. ರೈಲು ಹೋಗಿಬಿಡ್ಲಿ.”

ಆ ರೈಲನ್ನು ಮಾರಣ್ಣ ಮುಖಗಳಿಂದ ಬಲ್ಲ. ಬಾಗಿಲಲ್ಲಿ ಜೋತುಬೀಳುವ ಫ್ಯಾಕ್ಟರಿಯವರು, ಪೇಪರಿನಲ್ಲಿ ಮುಖ ಹುದುಗಿಸಿದ ಕೋರ್ಟಿನ ಗುಮಾಸ್ತ, ಕೊನೆಯ ಬೋಗಿಯ ಕಿಟಕಿಯಲ್ಲಿ ಕನ್ನಡಕದ ಹೆಂಗಸು. ಆಕೆಯೊಬ್ಬಳೇ ದಿನವೂ ಅವನತ್ತ ಕೈ ಎತ್ತುತ್ತಾಳೆ. ಅವನು ಬಾವುಟವನ್ನು ತುಸು ಮೇಲೆತ್ತುತ್ತಾನೆ. ಆರು ವರ್ಷದ ಪರಿಚಯ, ಒಂದು ಮಾತೂ ಇಲ್ಲ.

ಆಟೊದೊಳಗಿನ ನರಳಾಟ ಸಣ್ಣಗಾಯಿತು. ಕಿರುಚುತ್ತಿದ್ದಾಗ ಅವನಿಗೆ ಇಷ್ಟು ಭಯವಾಗಿರಲಿಲ್ಲ.

ಆಟೊದ ಕುತುಬುದ್ದೀನ್ ಇಳಿದು ಬಂದ. “ಏನ್ ಮನುಷ್ಯರ್ರಿ ನೀವು! ರೈಲಿನಾಗೆ ಕುಂತೋರಿಗೆ ತಡ ಆದ್ರೆ ಯಾರ ಜೀವ ಹೋಗ್ತೈತೆ?”

ಗೋಡೆಯ ಪೆಟ್ಟಿಗೆಯಲ್ಲಿ ಬೀಗಬಿದ್ದ ಗೇಟನ್ನೂ ತೆಗೆಯುವ ತುರ್ತಿನ ಕೀಲಿಯಿತ್ತು, ಅರಗಿನ ಸೀಲು ಹಾಕಿದ್ದು. ಮಾರಣ್ಣ ಸ್ಟೇಷನ್ನಿಗೆ ಫೋನು ಮಾಡಿದ.

“ಸೀಲು ಮುಟ್ಟಬ್ಯಾಡ ಮಾರಣ್ಣ,” ಎಂದರು ಸ್ಟೇಷನ್ ಮಾಸ್ತರರು. “ಒಡೆದ್ರೆ ದಾವಣಗೆರೆಯಿಂದ ಸಿಗ್ನಲ್‌ನೋರು ಬಂದು ಸರಿ ಮಾಡೋ ತನಕ ರೈಲು ಅಲ್ಲೇ ನಿಲ್ತೈತೆ. ನಿನ್ನ ಕೆಲಸಾನೂ ಹೋಗ್ತೈತೆ.”

“ಹೋಗ್ಲಿ ಬಿಡ್ರಿ.”

ಸೀಲು ಒಡೆದು ಕೀಲಿ ತಿರುಗಿಸಿದ. ಹಸಿರು ಕೆಂಪಾಯಿತು. ಕಿಲೋಮೀಟರ್ ಆಚೆ, ದಾರಿಯಿಲ್ಲದ ಭತ್ತದ ಗದ್ದೆಗಳ ನಡುವೆ, ರೈಲು ಉದ್ದಕ್ಕೆ ಕೂಗಿ ನಿಂತಿತು. ಗೇಟು ಎದ್ದಿತು. ಆಟೊ ಹಳಿಗಳ ಮೇಲೆ ಕುಪ್ಪಳಿಸಿ ಓಡಿತು.

ಮಾರಣ್ಣ ಕಲ್ಲಿನ ಮೇಲೆ ಕುಳಿತ. ಮೂರು ವರ್ಷದ ಹಿಂದೆ ಯಾರೋ ಒಬ್ಬ ತಂದೆ ಇದೇ ಗೇಟಿನಲ್ಲಿ ಕೈಮುಗಿದಿದ್ದ. ಆಗ ತೆಗೆದಿರಲಿಲ್ಲ. ಆ ಮುಖ ಈಗ ನೆನಪಾಯಿತು. ರೈಲು ಮತ್ತೆ ಮತ್ತೆ ಕೂಗುತ್ತಿತ್ತು. ಕೂಗಲಿ. ಇಷ್ಟೊತ್ತಿಗೆ ಮಗಳು ಆಸ್ಪತ್ರೆ ಸೇರಿರುತ್ತಾಳೆ.

ಒಂಬತ್ತೂ ಹತ್ತಕ್ಕೆ ಅಳಿಯನ ಫೋನು ಬಂತು.

“ಮಾವ, ಡಾಕ್ಟರಮ್ಮ ಇನ್ನೂ ಬಂದಿಲ್ರಿ. ಅವರು ದಿನಾ ದಾವಣಗೆರೆಯಿಂದ ಈ ರೈಲಿಗೇ ಬರೋದಂತೆ.”