ಬೀಗರು ಕೇಳಿದ ಕಂಪ್ಯೂಟರ್

"ಇಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡು ಯಾಕ ಬೇಕು? ಅಂವ ಏನ್ ಸಿನಿಮಾ ತಗೀತಾನ?"

ಕೊಟ್ರಪ್ಪನ ಗಂಟಲಿಗೆ ಗಂಗಾವತಿಯ ಆ ಕಂಪ್ಯೂಟರ್ ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡಿದರು. ನೋಡಲಿ. ಭತ್ತದ ವ್ಯಾಪಾರದಲ್ಲೇ ತಲೆ ನರೆಸಿಕೊಂಡವನು, ಯಾರಿಂದಲೂ ಟೋಪಿ ಹಾಕಿಸಿಕೊಂಡವನಲ್ಲ. ಈಗ ನೋಡಿದರೆ ಆಗಬೇಕಾದ ಅಳಿಯನೇ ಹಾಕಲು ಹೊರಟಿದ್ದ.

ಮಗಳು ಅಮೃತಾಳ ನಿಶ್ಚಯ ಮುಗಿಸಿ ಬೀಗರು ಊರು ಮುಟ್ಟಿದ್ದರಷ್ಟೇ, ಯಲಬುರ್ಗಾದಿಂದ ವರ ಪ್ರಭುರಾಜನ ಫೋನು ಬಂದಿತ್ತು. ವರೋಪಚಾರವೆಂದು ಬೇರೇನೂ ಬೇಡ, ಬಹಳ ವರ್ಷ ಬಾಳುವಂಥ ಒಂದು ಕಂಪ್ಯೂಟರ್ ಜೋಡಿಸಿ ಕೊಡಿಸಿ; ಎಂಥದ್ದೆಂದು ಅಮೃತಾಗೆ ಹೇಳಿದ್ದೇನೆ, ಎಂದಿದ್ದ. ಬೀಗರ ಕಡೆಯವರು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ನಾಲ್ಕು ಮಂದಿಯಲ್ಲಿ ಮಾನ ಹೋಗುತ್ತದೆ. ಕೊಟ್ರಪ್ಪ ಒಲ್ಲದ ಮನಸ್ಸಿನಿಂದಲೇ ಮಗಳನ್ನು ಕರೆದುಕೊಂಡು ಬಂದಿದ್ದ.

ಅಂಗಡಿಯ ಅಕ್ಬರ ಒಂದು ಸಣ್ಣ ಡಬ್ಬಿ ಮುಂದಿಟ್ಟ. "ಸಾವ್ಕಾರ್ರ, ಮನಿ ಮಟ್ಟಿಗೆ ಈ ಪ್ರೊಸೆಸರ್ ಸಾಕ್ರಿ. ಚಿತ್ರ ತೋರಿಸೋ ತಾಕತ್ತು ಇದರಾಗ ಐತಿ. ಬ್ಯಾರೆ ಗ್ರಾಫಿಕ್ಸ್ ಕಾರ್ಡು ಬೇಕಾಗಂಗಿಲ್ಲ."

"ಇದ ಕೊಡು."

"ಅವರು ಒಪ್ಪಂಗಿಲ್ಲಪ್ಪಾ," ಎಂದಳು ಅಮೃತಾ, ತಲೆ ತಗ್ಗಿಸಿ. "ಮುಂದ ಹೊಸಾ ಪ್ರೊಸೆಸರ್ ಬಂದ್ರೂ ಇದ ಬೋರ್ಡಿಗೆ ಕೂಡಬೇಕಂತ. ಕಾರ್ಡಿನಾಗ ಮೆಮೊರಿ ಜಾಸ್ತಿ ಇರಬೇಕಂತ. ಇಲ್ಲಾಂದ್ರ ಲಗೂನ ಹಳೇದಾಗತೈತಂತ."

ಅಕ್ಬರ ಇನ್ನೊಂದು ಕಾರ್ಡು ತಂದ, ಮಧ್ಯಮ ತರದ್ದು. ಅಮೃತಾ ಫೋನು ಮುಟ್ಟಿದಳೋ ಇಲ್ಲವೋ, "ಬ್ಯಾಡಂತ," ಎಂದಳು. ಅಲ್ಲಿ ಅಳಿಯ ಫೋನು ಹಿಡಿದೇ ಕೂತಿದ್ದಾನಲ್ಲ ಎಂದು ಕೊಟ್ರಪ್ಪನ ಮೈ ಉರಿಯಿತು.

ಪಾಪ, ಮನೆಗಳ ನಕ್ಷೆ ನೋಡಿ ಕಂಪ್ಯೂಟರಿನಲ್ಲಿ ಮನೆಯನ್ನೇ ಎಬ್ಬಿಸಿ ತೋರಿಸುವ ಕೆಲಸ ಕಲಿತ ಹುಡುಗಿ. ದಿನಾ ಕೊಪ್ಪಳದ ಬಸ್ಸು ಹತ್ತಿ, ಇನ್ನೊಬ್ಬರ ಮಷಿನ್ ಬಿಡುವಾಗುವುದನ್ನು ಕಾದು ದುಡಿದು ಬರುತ್ತಿದ್ದಳು. ಮನೆಗೊಂದು ಕೊಡಿಸೆಂದು ಕೇಳಿದಾಗ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ನಾಳೆ ಹೋಗುವವಳಿಗೆ ಯಾಕೆ ಎಂದು ಕೊಟ್ರಪ್ಪ ಬಾಯಿ ಮುಚ್ಚಿಸಿದ್ದ. ಈಗ ಅವಳೇ ಆ ಲೋಭಿಗಾಗಿ ಆರಿಸುತ್ತ ನಿಲ್ಲಬೇಕಾಯಿತಲ್ಲ ಎಂದು ಅವನಿಗೆ ಸಂಕಟವಾಯಿತು. ಆ ಸಂಕಟವೂ ಸಿಟ್ಟಾಗಿ ಅಳಿಯನ ಕಡೆಗೇ ತಿರುಗಿತು.

"ಆ ದೊಡ್ಡ ಕಾರ್ಡಿಗೆ ಕರೆಂಟು ಕೊಡೋ ಪವರ್ ಸಪ್ಲೈನೂ ದೊಡ್ಡದ ಬೇಕಾಗತೈತ್ರಿ," ಎಂದ ಅಕ್ಬರ.

ಅಷ್ಟು ಸಾಕಾಯಿತು. ಬೆರಳು ಕೊಟ್ಟರೆ ಹಸ್ತ ನುಂಗುವ ಮಂದಿ ಇವರು. ಇವತ್ತು ಇದು, ನಾಳೆ ಕಾರು, ನಾಡಿದ್ದು ಹೊಲ. ಇಂಥವರ ಮನೆಯಲ್ಲಿ ಮಗಳು ಸುಖವಾಗಿರುತ್ತಾಳೆಯೇ? ಕೊಟ್ರಪ್ಪ ಫೋನು ತೆಗೆದು ಪ್ರಭುರಾಜನಿಗೆ ಹಚ್ಚಿದ. ವ್ಯಾಪಾರದ ಚಾಳಿಯಂತೆ ಸ್ಪೀಕರ್ ಒತ್ತಿದ.

"ಅಪ್ಪಾ, ಬ್ಯಾಡ." ಅಮೃತಾ ಅವನ ತೋಳು ಹಿಡಿದಳು. ಕೊಡವಿಕೊಂಡ.

"ಪ್ರಭುರಾಜ, ನಾ ಮಗಳನ್ನ ಕೊಡಾಕತ್ತೇನಿ, ಅಳಿಯನ್ನ ಕೊಳ್ಳಾಕತ್ತಿಲ್ಲ. ನಿಮ್ಮಂಥ ಆಸಿಬುರುಕರ ಮನಿಗೆ ನನ್ನ ಮಗಳು ಬರಂಗಿಲ್ಲ. ಈ ಸಂಬಂಧ ಇಲ್ಲಿಗೆ ಮುಗೀತು."



"ಮಾವಾರ," ಎಂದ ಪ್ರಭುರಾಜ, "ನನಗ ಯಾವ ಕಂಪ್ಯೂಟರೂ ಬ್ಯಾಡ್ರಿ. ಅಮೃತಾನ್ನ ಕೇಳ್ರಿ."

ಕೊಟ್ರಪ್ಪ ಮಗಳ ಕಡೆ ತಿರುಗಿದ. ಅವಳ ಕಣ್ಣಲ್ಲಿ ಅವನದಕ್ಕಿಂತ ಹಳೆಯ ಸಿಟ್ಟಿತ್ತು.

"ನಾ ಕೇಳಿದಾಗ ನೀ ಒಲ್ಲೆ ಅಂದಿ. ಅವರ ಬಾಯಿಲೆ ಕೇಳಿಸಿದೆ, ಮರುದಿನಾನ ಅಂಗಡಿಗೆ ಬಂದಿ."