ಒಂದು ಗಂಟೆಗೆ ಮೊದಲು ಗಂಜಿ

ಬಿಕರ್ನಕಟ್ಟೆಯ ನನ್ನ ಮನೆಯಲ್ಲಿ ಈಗಲೂ ಕುಚ್ಚಲಕ್ಕಿ ಬೇಯುವ ವಾಸನೆ ಎದ್ದರೆ ನನಗೆ ಹಸಿವಿಗಿಂತ ಮೊದಲು ಸಿಟ್ಟು ಬರುತ್ತದೆ.

ಮೂರನೇ ಕ್ಲಾಸಿನಲ್ಲಿ ರೇಷ್ಮಾ ನನ್ನ ಪಕ್ಕ ಕೂರುತ್ತಿದ್ದಳು. ಅವಳ ಅಮ್ಮನೂ ನನ್ನ ಅಮ್ಮನೂ ಬೆಳಕು ಹರಿಯುವ ಮೊದಲೇ ಮೀನು ಹೊರಲು ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಹೋಗುತ್ತಿದ್ದರು. ನಾವಿಬ್ಬರೂ ಬರೀ ಕಪ್ಪು ಚಾ ಕುಡಿದು ಶಾಲೆಗೆ ಬರುತ್ತಿದ್ದೆವು. ಊಟ ಒಂದು ಗಂಟೆಗೆ. ಅಡುಗೆಕೋಣೆಯಿಂದ ಅನ್ನದ ವಾಸನೆ ಮಾತ್ರ ಹತ್ತು ಗಂಟೆಗೇ ಬರುತ್ತಿತ್ತು.

ಒಂದು ದಿನ ಮಗ್ಗಿ ಹೇಳಲು ಎದ್ದ ರೇಷ್ಮಾ ಹಾಗೆಯೇ ಬೆಂಚಿನ ಮೇಲೆ ಕುಸಿದಳು. ಅವಳ ಕೈ ಹಿಡಿದೆ, ಒದ್ದೆ ಬಟ್ಟೆಯ ಹಾಗೆ ತಣ್ಣಗಿತ್ತು.

"ಎಂತ ನಾಟಕ ಇದು?" ಎಂದರು ಮಗ್ಗಿ ಕೇಳುತ್ತಿದ್ದ ಹೆಡ್ ಮಾಸ್ಟ್ರು.

ಅಡುಗೆಯ ಗಿರಿಜಕ್ಕ ಲೋಟದಲ್ಲಿ ಬಿಸಿ ಗಂಜಿ ತೆಳಿ ಹಿಡಿದು ಓಡಿ ಬಂದರು. ಮಾಸ್ಟ್ರು ಬಾಗಿಲಲ್ಲೇ ತಡೆದರು. "ಊಟಕ್ಕೆ ಟೈಮ್ ಉಂಟು. ಒಬ್ಬಳಿಗೆ ಕೊಟ್ಟರೆ ನಾಳೆ ಎಲ್ಲರೂ ಬೀಳ್ತಾರೆ."

"ಬೀಳುವ ಮೊದಲೇ ಕೊಡ್ತೇನೆ ಮಾಸ್ಟ್ರೇ" ಎನ್ನುತ್ತಾ ಗಿರಿಜಕ್ಕ ಮಾಸ್ಟ್ರನ್ನು ದಾಟಿ ಬಂದು, ರೇಷ್ಮಾಳ ತಲೆಯನ್ನು ತೊಡೆಯ ಮೇಲಿಟ್ಟು ಕುಡಿಸಿದರು. "ಮೆಲ್ಲ ಮಗಾ, ಮೆಲ್ಲ."

ಮರುದಿನದಿಂದ ಪ್ರಾರ್ಥನೆಗೆ ಮೊದಲೇ ನಮಗೆಲ್ಲ ಗಿರಿಜಕ್ಕನ ಕೈಯಿಂದ ಗಂಜಿ ಸಿಗತೊಡಗಿತು. ಜೊತೆಗೆ ಉಪ್ಪು, ಒಂದು ತುಂಡು ಮಾವಿನ ಉಪ್ಪಿನಕಾಯಿ. ರೇಷ್ಮಾ ಎದ್ದು ನಿಂತು ಮಗ್ಗಿ ತಪ್ಪಿಲ್ಲದೆ ಹೇಳಿದಳು.

ವಾರ ಕಳೆಯುವುದರೊಳಗೆ ಗಿರಿಜಕ್ಕನ ಕೆಲಸ ಹೋಯಿತು. ಹೆಡ್ ಮಾಸ್ಟ್ರು ಅಸೆಂಬ್ಲಿಯಲ್ಲಿ ಕಾರಣ ಹೇಳಿದರು: "ಅವಳು ಅಕ್ಕಿ ಪೋಲು ಮಾಡಿದ್ದಾಳೆ."

ಆ ಗಂಜಿ ಕುಡಿದಿದ್ದ ನಾವೆಲ್ಲ, ಮತ್ತೆ ಖಾಲಿ ಹೊಟ್ಟೆಯಲ್ಲಿ, ಅವರೆದುರೇ ಸಾಲಾಗಿ ನಿಂತಿದ್ದೆವು.