ಸಲಹೆ ಪೆಟ್ಟಿಗೆಯ ನಲವತ್ತಮೂರು ಕಾರ್ಡು

"ನಲವತ್ಮೂರು ಕಾರ್ಡು, ಎಲ್ಲಾ ಒಂದೇ ಕೈಬರಹ! ನನ್ನೇನು ಕುರಿ ಅಂದ್ಕೊಂಡಿದ್ದೀಯಾ?"

ಹನುಮಂತರಾಯಪ್ಪ ಸಲಹೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದ ರಭಸಕ್ಕೆ ಅರ್ಧ ಕಾರ್ಡುಗಳು ನೆಲಕ್ಕೆ ಚೆಲ್ಲಿದವು. ಗಡಿ ಸೀಮೆಯ ಸೂಳಗಿರಿ ಹೆದ್ದಾರಿ ಪಕ್ಕದ ಈ ವಾಟರ್ ಪಾರ್ಕು ಅವನದು. ಎದುರಿಗೆ ನಿಂತಿದ್ದ ಅಂಜಮ್ಮ ಏಳು ವರ್ಷದಿಂದ ಗೇಟಿನ ಹತ್ತಿರ ಜನರ ಚಪ್ಪಲಿ, ಬ್ಯಾಗು ಕಾಯುವವಳು. ಊಟಕ್ಕೆಂದು ಹೊರಗೆ ಹೋಗಿ ಬರುವವರ ಕೈಗೆ ನೀಲಿ ಸೀಲು ಒತ್ತುವ ಕೆಲಸವೂ ಅವಳದೇ.

"ಬರೆಯಕ್ಕೆ ಬರ್ದಿರೋರು ಏನ್ ಮಾಡ್ತಾರಣ್ಣಾ? ಅವ್ರು ಹೇಳಿದ್ರು, ನಾನು ಬರ್ದೆ."

"ಎಲ್ಲಾರೂ ಒಂದೇ ಮಾತು ಹೇಳಿದ್ರಾ?" ಹನುಮಂತರಾಯಪ್ಪ ಒಂದು ಕಾರ್ಡು ಎತ್ತಿ ಓದಿದ. "'ಒದ್ದೆ ಸೀರೇಲಿ ಬಸ್ ಹತ್ತಕ್ಕಾಗಲ್ಲ, ಬದಲಾಯಿಸಕ್ಕೆ ಒಂದು ರೂಮು ಕಟ್ಸಿ.' ಹೋದ ವರ್ಷ ನೀನೇ ಬಂದು ನನ್ ತಲೆ ತಿಂದಿದ್ದು ಇದೇ ಅಲ್ವಾ? ಆಗಲ್ಲ ಅಂದೆ. ಈಗ ಊರೋರ ಬಾಯಲ್ಲಿ ಹೇಳಿಸ್ತಾ ಇದ್ದೀಯ."

ಪಾರ್ಕಿನ ಮ್ಯಾನೇಜರ್ ಆಗಿದ್ದ ಅವನ ಭಾಮೈದ ವಾಸು ನೆಲದಿಂದ ಇನ್ನೊಂದನ್ನು ಹೆಕ್ಕಿ ನಕ್ಕ. "ಭಾವ, ಇಲ್ನೋಡಿ. 'ತಡಿಸಿನ ಚೀರ ಮಾರ್ಚುಕೋಡಾನಿಕಿ ಒಕ ರೂಮು ಕಾವಾಲ.' ಅದೇ ರೂಮಿನ ಮಾತು ತೆಲುಗಲ್ಲಿ, ಅಕ್ಷರ ಮಾತ್ರ ಕನ್ನಡ! ತಮಿಳೂ ಹಿಂಗೇ ಬರ್ದವ್ಳೆ. ಕಳ್ಳತನ ಮಾಡಕ್ಕೂ ಒಂಚೂರು ಓದಿರಬೇಕು ಕಣಮ್ಮ."

"ಅವ್ರು ಹೆಂಗಂದ್ರೋ ಹಂಗೇ ಬರ್ದಿದ್ದೀನಿ. ನಂಗೆ ಬರೋದು ಅದೊಂದೇ ಅಕ್ಷರ." ಅಂಜಮ್ಮನ ದನಿಯೂ ಏರಿತು. "ಯಾರ್ಯಾರು ಹೇಳಿದ್ರು ಅಂತ ಕಾರ್ಡಿನ ಕೆಳಗಡೆ ಐತೆ. ನೋಡ್ಕಳಿ."

"ಏನ್ ನೋಡೋದು?" ಹನುಮಂತರಾಯಪ್ಪ ರೇಗಿದ. "ಎಲ್ಲದಕ್ಕೂ ಮಸಿ ಮೆತ್ತಿದ್ದೀಯ! ಹದಿನೈದು ದಿನಕ್ಕೆ ಸೀಲಿನ ಪ್ಯಾಡು ಒಣಗೋಗೈತೆ, ಅದನ್ನೂ ಕೇಳೋನಿದ್ದೆ."

ಹನುಮಂತರಾಯಪ್ಪನ ಸಿಟ್ಟಿಗೆ ಕಾರಣವಿತ್ತು. ಹೆಚ್ಚು ಜನ ಕೇಳಿದ್ದನ್ನು ಸಂಕ್ರಾಂತಿಯೊಳಗೆ ಮಾಡಿಕೊಡುತ್ತೇವೆ ಎಂದು ಪೆಟ್ಟಿಗೆಯ ಮೇಲೆ ಬರೆಸಿದವನು ಅವನೇ. ಜನ ಡಿಕ್ಕಿ ಹೊಡೆದು ಆಡುವ ಡ್ಯಾಶಿಂಗ್ ಕಾರು ಕೇಳುತ್ತಾರೆಂದು ನಂಬಿ ಅದಕ್ಕೆ ಸುಣ್ಣದಲ್ಲಿ ಜಾಗವನ್ನೂ ಗುರುತು ಮಾಡಿಸಿದ್ದ. ಬಟ್ಟೆ ಬದಲಾಯಿಸುವ ರೂಮು ಇದ್ದದ್ದು ಈಜುಡುಗೆ ಬಾಡಿಗೆಗೆ ತೆಗೆದುಕೊಂಡವರಿಗೆ ಮಾತ್ರ. ಮಕ್ಕಳನ್ನು ಆಡಲು ಬಿಟ್ಟು ಕೊಳದ ಮೆಟ್ಟಿಲ ಮೇಲೆ ಕೂರುವ ತಾಯಂದಿರು ಅಲೆ ಬಂದಾಗ ಸೊಂಟದವರೆಗೆ ತೊಯ್ದು, ಹಾಗೇ ಚಳಿಗಾಳಿಯಲ್ಲಿ ತಳಿ ಊರಿನ ಕಡೆಯ ಬಸ್ಸು ಹಿಡಿಯುವುದನ್ನು ಅವನು ನೋಡದವನಲ್ಲ.

"ಸುಳ್ಳು ಬರ್ದೆ ಅಂತ ಒಪ್ಕೊ. ಇಲ್ಲಾ, ಹೊರಡು."

ಅಂಜಮ್ಮ ಸೆರಗಿನಿಂದ ಕೌಂಟರಿನ ಬೀಗದ ಕೈ ಬಿಚ್ಚಿದಳು. ಕಾರ್ಡುಗಳ ಮೇಲೆ ಅದನ್ನು ಮೆಲ್ಲಗೆ ಇಟ್ಟಳು. "ಬತ್ತೀನಿ ಸಾರ್," ಎಂದಳು. ಏಳು ವರ್ಷದಲ್ಲಿ ಅವಳು ಅವನನ್ನು ಸಾರ್ ಎಂದದ್ದು ಅದೇ ಮೊದಲು.

ಸಂಜೆ ಕಾರ್ಡುಗಳನ್ನು ಸುಡಿಸಲೆಂದು ಹನುಮಂತರಾಯಪ್ಪ ಒಟ್ಟು ಜೋಡಿಸಿದ. ಇಸ್ಪೀಟಿನ ಎಲೆಗಳಂತೆ ಅಂಚು ಹಿಡಿದು ಬಿಟ್ಟಾಗ ನೀಲಿ ಕಲೆಗಳು ಒಂದೊಂದಾಗಿ ಕಣ್ಣೆದುರು ಹಾದುಹೋದವು. ಎಲ್ಲವೂ ಅದೇ ಮೂಲೆಯಲ್ಲಿ. ಅವನು ಕೈ ನಿಲ್ಲಿಸಿದ. ಮೇಲಿನ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಲೆಯೊಳಗೆ ಗೆರೆಗಳಿದ್ದವು. ಇನ್ನೊಂದರಲ್ಲಿ ಗೆರೆಗಳು ಸವೆದು ನುಣ್ಣಗಾಗಿದ್ದವು. ಮತ್ತೊಂದರಲ್ಲಿ ಕುಡುಗೋಲು ತಗುಲಿದ ಹಳೇ ಗಾಯ ಗೆರೆಗಳನ್ನು ಅಡ್ಡಕ್ಕೆ ಸೀಳಿತ್ತು.

"ಹೆಬ್ಬೆಟ್ಟು ಭಾವ," ಎಂದ ಪಕ್ಕದಲ್ಲಿದ್ದ ವಾಸು, ನಗದೆ.

ಈ ಜಮೀನು ರಿಜಿಸ್ಟರ್ ಆದ ದಿನ ತಾಯಿ ಇಂದ್ರಮ್ಮನ ಹೆಬ್ಬೆರಳು ಹಿಡಿದು ಪತ್ರಕ್ಕೆ ಒತ್ತಿಸಿದವನು ಹನುಮಂತರಾಯಪ್ಪನೇ. ಆ ಮಸಿ ಅವಳ ಬೆರಳಿನಿಂದ ಮೂರು ದಿನ ಹೋಗಿರಲಿಲ್ಲ.

ಅವನು ಗೇಟಿಗೆ ಓಡಿದ. ಅಂಜಮ್ಮನ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಮರುವಾರ ವಾಸುವನ್ನು ಅವಳ ಊರಿಗೆ ಕಳಿಸಿದ. ತಳಿ ಕಡೆಯ ಗುಲಾಬಿ ತೋಟದಲ್ಲಿ ಹೂ ಕೊಯ್ಯಲು ಸೇರಿಕೊಂಡಿದ್ದಾಳೆಂದು ವಾಸು ಬಂದು ಹೇಳಿದ.

"ಬೈದ್ಲಾ?"

"ಬೈದಿದ್ರೆ ವಾಸಿಯಾಗಿತ್ತು ಭಾವ. ಕೂರ್ಸಿ ಕಾಫಿ ಕೊಟ್ಳು. ಬರಲ್ಲ ಅಂದ್ಲು."

ಡ್ಯಾಶಿಂಗ್ ಕಾರಿನ ಜಾಗದಲ್ಲಿ ರೂಮು ಎದ್ದಿತು. ಸಂಕ್ರಾಂತಿಗೆ ಮೂರು ದಿನ ಮೊದಲೇ ಮುಗಿಯಿತು. ಕನ್ನಡಿ, ಚಿಲಕ, ಸೀರೆ ಹರವಲು ಹಗ್ಗ, ಎಲ್ಲವನ್ನೂ ಅವನೇ ನಿಂತು ಹಾಕಿಸಿದ. ಪೆಟ್ಟಿಗೆಯಲ್ಲಿ ಈಗಲೂ ಕಾರ್ಡುಗಳು ಬೀಳುತ್ತವೆ. ಗೋಬಿ ಬಿಸಿ ಇಲ್ಲ, ಹಾಡಿನ ಸೌಂಡು ಸಾಲದು, ಫೋಟೋ ತೆಗೆಯಲು ಒಳ್ಳೆಯ ಜಾಗವಿಲ್ಲ. ಯಾವುದರಲ್ಲೂ ಹೆಬ್ಬೆಟ್ಟಿನ ಮಸಿಯಿಲ್ಲ.

ಮೊನ್ನೆ ಭಾನುವಾರ ಬಸ್ಸಿಳಿದು ಬಂದ ಹೆಂಗಸರಲ್ಲಿ ಒಬ್ಬ ಮುದುಕಿ ನೇರ ಕೌಂಟರಿಗೆ ಬಂದಳು. ಕೇಳದೆಯೇ ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದಳು.

"ಬರ್ಕೊಳ್ಳೋಳು ಎಲ್ಲಪ್ಪಾ? ಒಂದು ಮಾತು ಹೇಳದಿತ್ತು."

"ಅವಳಿಲ್ಲ ಅವ್ವ." ಹನುಮಂತರಾಯಪ್ಪ ಪೆನ್ನು ತೆಗೆದುಕೊಂಡ. ಹೊಸ ಪ್ಯಾಡಿನ ಮುಚ್ಚಳ ತೆರೆದ. "ನಂಗೇ ಹೇಳವ್ವ. ನಾನೇ ಬರೀತೀನಿ."

ಮುದುಕಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇರ್ಲಿ ಬಿಡಪ್ಪಾ. ಅವಳು ಬಂದಾಗ ಹೇಳ್ತೀನಿ," ಎಂದವಳು, ಚಾಚಿದ್ದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡು ಹೊರಟುಹೋದಳು.